ವಿಶ್ವಕೋಶವೇನು ಸನ್ಮಾನಪತ್ರವೇ?

ಒಂದು ಕಾಲೇಜು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಮೂವತ್ತು ನಲವತ್ತು ಮಂದಿ ಕೂಡಿ ಕ್ರೈಸ್ತ ಸೇವಾಮಂಡಲಿಯೊಂದನ್ನು ನಡೆಸುತ್ತಾರೆ. ಪಾದ್ರಿಗಳ ಮೇಲ್ವಿಚಾರಣೆಯಿಲ್ಲ, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ವಿದ್ಯಾರ್ಥಿಗಳೇ. ವಾರಕ್ಕೊಂದು ಸಂಜೆ ಪ್ರಾರ್ಥನೆ, ಬೈಬಲ್ ಪಾಠ, ಹಾಡು. ರಜೆಯಲ್ಲಿ ಒಂದು ಶಿಬಿರ. ಹೊಸದಾಗಿ ಹಾಸ್ಟೆಲಿಗೆ ಬಂದ ಹುಡುಗ ಹುಡುಗಿಯರಿಗೆ ಒಂದಿಷ್ಟು ನೆರವು, ಒಂದಿಷ್ಟು ಧೈರ್ಯ. ಇಂಥದೊಂದು ಮಂಡಲಿಗೆ ವಿಕಿಪೀಡಿಯವೆಂಬ ಅಂತರ್ಜಾಲದ ವಿಶ್ವಕೋಶದಲ್ಲಿ ಪ್ರತ್ಯೇಕವಾಗಿ ಒಂದು ಲೇಖನ ಇರತಕ್ಕದ್ದೇ, ಕೂಡದೇ?

ಪ್ರಶ್ನೆ ಸಾಸಿವೆ ಕಾಳಿನಷ್ಟು ಎನ್ನಿಸಬಹುದು. ಆದರೆ ಈ ಬಗೆಯ ಪ್ರಶ್ನೆಯನ್ನು ಕುರಿತು ನಡೆಯುವ ವಾದಗಳ ಕಾವನ್ನು ಕಂಡವರಿಗೆ, ಇದರ ಹಿಂದೆ ದೊಡ್ಡದೇನೋ ಅವಿತಿದೆಯೆಂದು ಹೊಳೆಯದೆ ಇರದು. ‘ಒಳ್ಳೆಯ ಕೆಲಸ ಮಾಡುತ್ತಿದ್ದಾರೆ, ಇವರಿಗೆ ಅಷ್ಟು ಜಾಗ ಕೊಟ್ಟರೆ ಗಂಟೇನು ಹೋಗುತ್ತದೆ?’ ಎಂದು ಒಂದು ಪಕ್ಷದವರು ಕೇಳುತ್ತಾರೆ. ‘ಹುಡುಗರ ಭಜನೆಗೆಲ್ಲ ವಿಶ್ವಕೋಶವೆ? ಅದರಲ್ಲೂ ಮತಪ್ರಚಾರದ ಕೂಟಕ್ಕೆ?’ ಎಂದು ಇನ್ನೊಂದು ಪಕ್ಷದವರು ಮೂಗು ಮುರಿಯುತ್ತಾರೆ. ನನಗೆ ಎರಡು ಪಕ್ಷಗಳೂ ದಾರಿ ತಪ್ಪಿದಂತೆ ತೋರುತ್ತದೆ. ಮತ್ತು ವಿಚಿತ್ರವೆಂದರೆ ಎರಡರ ತಪ್ಪೂ ಒಂದೇ. ವಿಶ್ವಕೋಶದಲ್ಲಿ ಹೆಸರು ಬರುವುದು ಒಂದು ಸನ್ಮಾನವೆಂದು ಇಬ್ಬರೂ ಭಾವಿಸಿದ್ದಾರೆ. ಒಬ್ಬರು ಶಾಲು ಹೊದಿಸಬೇಕೆನ್ನುತ್ತಾರೆ, ಇನ್ನೊಬ್ಬರು ಹೊದಿಸಕೂಡದೆನ್ನುತ್ತಾರೆ. ಅದು ಶಾಲೇ ಅಲ್ಲವೆಂದು ಇಬ್ಬರಿಗೂ ತೋರಿಲ್ಲ.

ಸುತ್ತುಬಳಸದೆ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಮೇಲೆ ವರ್ಣಿಸಿದಂಥ ಮಂಡಲಿಗೆ ಲೇಖನ ಕೂಡದು. ಕೂಡದೆನ್ನುವುದಕ್ಕೆ ಅದು ಹುಡುಗರದು ಎಂಬುದು ಕಾರಣವಲ್ಲ; ಕ್ರೈಸ್ತರದು ಎಂಬುದು ಕಾರಣವಲ್ಲ; ಚಿಕ್ಕದು ಎಂಬುದೂ ಕಾರಣವಲ್ಲ. ಅದನ್ನು ಕುರಿತು ಅದರ ಹೊರಗಿನವರು ಯಾರೂ ವಿಚಾರಮಾಡಿ ಬರೆದಿಲ್ಲ ಎಂಬುದೊಂದೇ ಕಾರಣ. ಈ ಒಂದು ಕಾರಣ ಹೇಗೆ ಸಾಕಾಗುತ್ತದೆ, ಇದನ್ನು ಬಿಟ್ಟುಕೊಟ್ಟರೆ ಯಾರಿಗೆ ನಷ್ಟ ಎಂಬುದನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ಮೊದಲು ಕಟ್ಟಳೆಯ ಮಾತು. ಇಂಗ್ಲಿಷ್ ವಿಕಿಪೀಡಿಯ ಆರಂಭವಾದದ್ದು 2001ರ ಜನವರಿ 15ರಂದು, ಕನ್ನಡದ್ದು 2003ರಲ್ಲಿ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಾಗ ಅದಕ್ಕೆ ಸಂಪಾದಕಮಂಡಲಿಯಿತ್ತು. ಯಾವುದು ಸೇರಬೇಕು, ಯಾವುದು ಬಿಡಬೇಕು ಎಂದು ತೂಗಿ ನೋಡಿ ನಿರ್ಧರಿಸುವ ವಿದ್ವಾಂಸರಿದ್ದರು. ತಪ್ಪಾದರೆ ಹೊಣೆ ಹೊರಲು ಅವರ ಹೆಸರಿತ್ತು. ವಿಕಿಪೀಡಿಯದಲ್ಲಿ ಅಂಥ ಮಂಡಲಿಯಿಲ್ಲ. ಬರೆದವನು ಮಹಾಮಹೋಪಾಧ್ಯಾಯನೋ ಹೈಸ್ಕೂಲು ಹುಡುಗನೋ ಗೊತ್ತಾಗುವುದಿಲ್ಲ. ಹೀಗಿರುವಾಗ ಅಲ್ಲಿಯ ಮಾತನ್ನು ನಂಬುವುದು ಯಾವ ಆಧಾರದ ಮೇಲೆ?

ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಯಾವುದೇ ವಿಷಯಕ್ಕೆ ಪ್ರತ್ಯೇಕ ಲೇಖನ ಬೇಕಾದರೆ, ಆ ವಿಷಯವನ್ನು ಕುರಿತು ನಂಬಲರ್ಹವಾದ ಕಡೆಗಳಲ್ಲಿ, ಅದಕ್ಕೆ ಸಂಬಂಧಪಡದ ಜನ, ಗಣನೀಯವಾದ ವಿವರದೊಡನೆ ಬರೆದಿರಬೇಕು. ಹೆಸರು ಸುಳಿದು ಹೋದರೆ ಸಾಲದು. ತಮ್ಮ ಬಗ್ಗೆ ತಾವೇ ಅಚ್ಚುಹಾಕಿಸಿಕೊಂಡದ್ದು ಲೆಕ್ಕಕ್ಕಿಲ್ಲ. ಸಂಘ ಸಂಸ್ಥೆಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ: ಕೇವಲ ಊರ ಪತ್ರಿಕೆಯ ಸುದ್ದಿಯಿಂದ ಕೆಲಸ ಆಗುವುದಿಲ್ಲ; ದೊಡ್ಡ ಸಂಸ್ಥೆಯೊಂದರ ಕಾಲೇಜು ಶಾಖೆಗೆ ಸಾಮಾನ್ಯವಾಗಿ ಬೇರೆ ಲೇಖನ ಕೊಡುವುದಿಲ್ಲ. ಲೇಖನವನ್ನು ತೆಗೆಯಬೇಕೆಂದು ಯಾರಾದರೂ ಸೂಚಿಸಿದರೆ ವಾಡಿಕೆಯಂತೆ ಏಳು ದಿನ ಚರ್ಚೆ. ಕೊನೆಯಲ್ಲಿ ಕೈಯೆತ್ತಿದವರ ಎಣಿಕೆಯಲ್ಲ, ವಾದದ ತೂಕ ನೋಡಿ ತೀರ್ಮಾನ. ತೆಗೆದರೂ ಎಲ್ಲವೂ ಮಣ್ಣುಪಾಲಾಗಬೇಕೆಂದಿಲ್ಲ. ಆ ಕಾಲೇಜಿನ ಲೇಖನದಲ್ಲಿ ಒಂದೆರಡು ವಾಕ್ಯಗಳಾಗಿ ಉಳಿಯಬಹುದು.

ಈ ಕಟ್ಟಳೆಯಲ್ಲಿ ‘ಒಳ್ಳೆಯದು’ ಎಂಬ ಮಾತು ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕು. ಟೈಟಾನಿಕ್ ಹಡಗಿಗೆ ವಿಶ್ವಕೋಶದಲ್ಲಿ ಲೇಖನವಿದೆ. ಅದು ಚೆನ್ನಾಗಿ ತೇಲಿತೆಂದಲ್ಲ. ಕೊಲೆಗಡುಕರಿಗೂ ದಿವಾಳಿಯೆದ್ದ ಬ್ಯಾಂಕುಗಳಿಗೂ ಲೇಖನಗಳುಂಟು. ನಮ್ಮ ಊರಿನಲ್ಲಿ ಅರವತ್ತು ವರ್ಷ ಪುಕ್ಕಟೆಯಾಗಿ ಔಷಧ ಕೊಟ್ಟು ತೀರಿಕೊಂಡ ಪಂಡಿತರಿಗೆ ಇಲ್ಲ. ಇದು ಅನ್ಯಾಯವೆಂದು ಕಾಣುವುದು, ಲೇಖನವನ್ನು ಪುಣ್ಯದ ಫಲವೆಂದು ತಿಳಿದಾಗ ಮಾತ್ರ. ಅದನ್ನು ದಾಖಲೆಗಳ ಸಾರವೆಂದು ತಿಳಿದರೆ ಅನ್ಯಾಯದ ಮಾತು ಬರುವುದಿಲ್ಲ. ದಾಖಲೆ ಇದ್ದರೆ ಸಾರ. ಇಲ್ಲದಿದ್ದರೆ ಸಾರ ಎಲ್ಲಿಂದ ಇಳಿಯಬೇಕು?

‘ಹಾಗಾದರೆ ವಿದ್ಯಾರ್ಥಿಗಳೇ ನಡೆಸುವ ಕ್ರೈಸ್ತ ಮಂಡಲಿಗೆ ಆ ಬಾಗಿಲು ತೆರೆಯುವುದೇ ಇಲ್ಲವೆ?’ ಎಂದು ಕೇಳಬಹುದು. ತೆರೆಯುತ್ತದೆ, ತೆರೆದಿದೆ. ಇಂಗ್ಲೆಂಡಿನ ‘ಕೇಂಬ್ರಿಜ್ ಇಂಟರ್-ಕಾಲೇಜಿಯೇಟ್ ಕ್ರಿಶ್ಚಿಯನ್ ಯೂನಿಯನ್’ ಎಂಬ ಸಂಘವನ್ನು ನೋಡಿ. ಅದೂ ವಿದ್ಯಾರ್ಥಿಗಳದೇ. ಅದಕ್ಕೆ ವಿಕಿಪೀಡಿಯದಲ್ಲಿ ಲೇಖನವಿದೆ. ಇರತಕ್ಕದ್ದೇ ಎಂದು ನಾನೂ ಹೇಳುತ್ತೇನೆ. ಏಕೆ ಇರತಕ್ಕದ್ದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.

1827ರಲ್ಲಿ ಕೇಂಬ್ರಿಜ್‌ನ ಕೆಲವು ವಿದ್ಯಾರ್ಥಿಗಳು ಜೀಸಸ್ ಲೇನ್ ಎಂಬ ಬೀದಿಯಲ್ಲಿ ಬಡ ಮಕ್ಕಳಿಗಾಗಿ ಭಾನುವಾರದ ಶಾಲೆಯೊಂದನ್ನು ತೆರೆದರು. 1862ರಲ್ಲಿ ದಿನವೂ ಸೇರುವ ಪ್ರಾರ್ಥನಾಕೂಟ ಹುಟ್ಟಿತು. 1877ರಲ್ಲಿ ಬೇರೆ ಬೇರೆ ಕಾಲೇಜುಗಳವರು ಒಂದುಗೂಡಿ ಈ ಯೂನಿಯನ್ನನ್ನು ಸ್ಥಾಪಿಸಿದರು. 1882ರಲ್ಲಿ ಅಮೆರಿಕದ ಬೋಧಕ ಡಿ. ಎಲ್. ಮೂಡಿಯವರನ್ನು ಕರೆಸಿದಾಗ, ಮೊದಲ ಸಂಜೆ ವಿದ್ಯಾರ್ಥಿಗಳು ಗೇಲಿಮಾಡಿ ಗದ್ದಲವೆಬ್ಬಿಸಿದರು. ಆ ಪುಂಡರಲ್ಲಿ ಮುಂದಾಳಾಗಿದ್ದ ಜೆರಾಲ್ಡ್ ಲ್ಯಾಂಡರ್ ಎಂಬಾತ ಮರುದಿನ ಹೋಗಿ ಕ್ಷಮೆ ಬೇಡಿದ. ಮುಂದೆ ಅವನೇ ಹಾಂಗ್‌ಕಾಂಗ್‌ನಲ್ಲಿ ಬಿಷಪ್ಪನಾದ.

1885ರಲ್ಲಿ ‘ಕೇಂಬ್ರಿಜ್‌ನ ಏಳು ಮಂದಿ’ ಎಂದು ಹೆಸರಾದ ಯುವಕರು ಚೀನಾ ದೇಶಕ್ಕೆ ಧರ್ಮಪ್ರಚಾರಕ್ಕಾಗಿ ಹಡಗು ಹತ್ತಿದರು. ಅವರಲ್ಲಿ ಸಿ. ಟಿ. ಸ್ಟಡ್ ಎಂಬವನ ಹೆಸರನ್ನು ಕ್ರಿಕೆಟ್ಟಿನ ಅಭಿಮಾನಿಗಳು ಕೇಳಿರಬೇಕು. 1882ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡು ಆಸ್ಟ್ರೇಲಿಯಕ್ಕೆ 7 ರನ್ನುಗಳಿಂದ ಸೋತು ‘ಆ್ಯಷಸ್’ ಎಂಬ ಮಾತು ಹುಟ್ಟಿತಲ್ಲ, ಆ ಪಂದ್ಯದ ಕೊನೆಯ ಆಟದಲ್ಲಿ ಒಂದು ಚೆಂಡನ್ನೂ ಎದುರಿಸದೆ ಔಟಾಗದೆ ನಿಂತವನು ಇವನೇ. ಚೀನಾದಿಂದ ಮರಳಿದ ಮೇಲೆ 1900ರಿಂದ 1906ರ ವರೆಗೆ ನಮ್ಮ ನೆರೆಯ ಉದಕಮಂಡಲದ ಯೂನಿಯನ್ ಚರ್ಚಿನಲ್ಲಿ ಪಾದ್ರಿಯಾಗಿದ್ದ. ಅಷ್ಟು ಪ್ರಸಿದ್ಧನಾದ ಆಟಗಾರ ಬ್ಯಾಟನ್ನು ಕೆಳಗಿಟ್ಟು ಹೊರಟದ್ದರಿಂದ ಇಂಗ್ಲೆಂಡಿನ ಪತ್ರಿಕೆಗಳು, ಮತಕ್ಕೂ ತಮಗೂ ಸಂಬಂಧವಿಲ್ಲದ ಓದುಗರು ಕೂಡ, ಈ ಗುಂಪಿನ ಕಡೆ ತಿರುಗಿ ನೋಡಿದರು.

ಇಲ್ಲಿ ಒಂದು ಸಣ್ಣ ಸಂಗತಿ ಬಹಳ ಪಾಠ ಹೇಳುತ್ತದೆ. ‘ಕೇಂಬ್ರಿಜ್‌ನ ಏಳು ಮಂದಿ’ ಎಂದೆನಷ್ಟೆ? ಅವರಲ್ಲಿ ಡಿ. ಇ. ಹೋಸ್ಟ್ ಎಂಬಾತ ಕೇಂಬ್ರಿಜ್‌ನಲ್ಲಿ ಓದಿದವನೇ ಅಲ್ಲ, ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ಹೆಸರು ಏಳೆಂದಿತು, ಲೆಕ್ಕ ಆರೆಂದಿತು. ಅಭಿಮಾನದಿಂದ ಬರೆಯುವವರಿಗೆ ಏಳೇ ಇಂಪು. ಹೊರಗಿನಿಂದ ಬಂದು ಕಾಲೇಜಿನ ಪಟ್ಟಿಯನ್ನು ತೆರೆದು ನೋಡುವವನಿಗೆ ಮಾತ್ರ ಆರು ಕಾಣುತ್ತದೆ. ಅಂಥವನೊಬ್ಬ ಬೇಕೆಂದೇ ನನ್ನ ವಾದ.

ಆಮೇಲೆ 1910ರಲ್ಲಿ ಒಂದು ದೊಡ್ಡ ಜಗಳ. ವಿದ್ಯಾರ್ಥಿ ಕ್ರೈಸ್ತ ಚಳವಳಿ ತನ್ನ ಬಾಗಿಲನ್ನು ತೀರ ಅಗಲ ಮಾಡಿತೆಂದು ಕೇಂಬ್ರಿಜ್‌ನವರು ಅದರಿಂದ ಬೇರೆಯಾದರು. 1928ರಲ್ಲಿ ಬೇರೆ ಬೇರೆ ವಿಶ್ವವಿದ್ಯಾನಿಲಯಗಳ ಸಮಾನಮನಸ್ಕ ಸಂಘಗಳ ಒಕ್ಕೂಟವಾಯಿತು. ಆ ಎರಡು ಕವಲುಗಳ ನೆರಳು ಇಂಡಿಯದ ಮೇಲೂ ಬಿತ್ತು. 1912ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿರುವ ಇಂಡಿಯದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಒಂದು ಕವಲಿನದು. 1954ರಲ್ಲಿ ರೂಪುಗೊಂಡ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯ ಇನ್ನೊಂದು ಬಳಗದ್ದು.

ಈಗ ದಾಖಲೆಗಳನ್ನು ನೋಡಿ. ಜಗಳದ ಒಂದು ಕಡೆಯ ವೃತ್ತಾಂತವನ್ನು ವಿದ್ಯಾರ್ಥಿ ಕ್ರೈಸ್ತ ಚಳವಳಿಯ ಕಾರ್ಯದರ್ಶಿಯಾಗಿದ್ದ ಟಿಸಿಂಗ್ಟನ್ ಟ್ಯಾಟ್ಲೋ 1933ರಲ್ಲಿ ಬರೆದ. 1953ರಲ್ಲಿ ಜಾನ್ ಪೊಲಾಕ್ ಕೇಂಬ್ರಿಜ್ ಸಂಘದ ಚರಿತ್ರೆಯನ್ನು ಪುಸ್ತಕವಾಗಿ ಪ್ರಕಟಿಸಿದ. 1977ರಲ್ಲಿ ಆ ಬಳಗದ ಒಳಗಿನವನೇ ಆದ ಆಲಿವರ್ ಬಾರ್‌ಕ್ಲೆ ಮತ್ತೊಂದು ಪುಸ್ತಕ ಬರೆದ. 2003ರಲ್ಲಿ ಡೇವಿಡ್ ಗುಡ್‌ಹ್ಯೂ, ಚರ್ಚಿನ ಇತಿಹಾಸಕ್ಕೆ ಮೀಸಲಾದ ವಿದ್ವತ್ಪತ್ರಿಕೆಯೊಂದರಲ್ಲಿ, 1910ರಿಂದ 1971ರ ವರೆಗೆ ಆ ಸಂಘ ಬೆಳೆದ ಬಗೆಯನ್ನು ಪರಿಶೀಲಿಸಿದ. ಒಳಗಿನವನ ಮಾತು, ಎದುರಾಳಿಯ ಮಾತು, ಇತಿಹಾಸಕಾರನ ಮಾತು ಮೂರೂ ಇವೆ. ಇವನ್ನು ಎದುರುಬದುರು ಇಟ್ಟು ನೋಡಬಹುದು. ಲೇಖನ ಸಲ್ಲುವುದು ಈ ಕಾರಣದಿಂದ. ಕೇಂಬ್ರಿಜ್ ಎಂಬ ಹೆಸರಿನ ಠೀವಿಯಿಂದಲ್ಲ, ನೂರೈವತ್ತು ವರ್ಷದ ಮುದಿತನದಿಂದಲೂ ಅಲ್ಲ.

ಹೊರಗಿನವರು ಬರೆಯಬೇಕೆಂದರೆ ಹೊಗಳಿಯೇ ಬರೆಯಬೇಕೆಂದು ಅರ್ಥವಲ್ಲ. ಆಕ್ಸ್‌ಫರ್ಡಿನಲ್ಲಿ 1729ರ ಸುಮಾರಿಗೆ ವೆಸ್ಲಿ ಸೋದರರ ಸುತ್ತ ಒಂದು ಸಣ್ಣ ಕೂಟ ಸೇರಿತು. ಕಟ್ಟುನಿಟ್ಟಾಗಿ ಓದುವುದು, ಉಪವಾಸ ಮಾಡುವುದು, ಸೆರೆಮನೆಯಲ್ಲಿದ್ದವರನ್ನು ಹೋಗಿ ನೋಡುವುದು ಅವರ ಕ್ರಮ. ಸಹಪಾಠಿಗಳು ಅವರನ್ನು ‘ಪವಿತ್ರ ಕೂಟ’ವೆಂದು ಅಣಕಿಸಿದರು, ‘ಮೆಥಡಿಸ್ಟರು’ ಎಂದು ಹಂಗಿಸಿದರು. 1732ರ ಡಿಸೆಂಬರಿನಲ್ಲಿ ಲಂಡನ್ನಿನ ‘ಫಾಗ್ಸ್ ವೀಕ್ಲಿ ಜರ್ನಲ್’ ಎಂಬ ಪತ್ರಿಕೆಯಲ್ಲಿ ಅವರನ್ನು ಜರೆದು ಒಂದು ಪತ್ರ ಅಚ್ಚಾಯಿತು. ಇತಿಹಾಸಕಾರನಿಗೆ ಆ ಬೈಗುಳವೇ ಬಂಗಾರ. ಏಕೆಂದರೆ ಅಂಥ ಗುಂಪೊಂದು ಇತ್ತು, ಊರವರ ಕಣ್ಣಿಗೆ ಬಿದ್ದಿತ್ತು, ಅದನ್ನು ಕುರಿತು ಜನ ಹೀಗೆಲ್ಲ ಆಡಿಕೊಳ್ಳುತ್ತಿದ್ದರು ಎಂಬುದಕ್ಕೆ ಹಗೆಯವನ ಸಾಕ್ಷಿಗಿಂತ ಬಲವಾದ ಸಾಕ್ಷಿಯಿಲ್ಲ. ಅಂದಮೇಲೆ ಹೊರಗಿನ ದಾಖಲೆ ಬೇಕೆನ್ನುವುದು ಪ್ರಶಸ್ತಿಪತ್ರವನ್ನು ಕೇಳಿದಂತಲ್ಲ; ಸಾಕ್ಷಿಯನ್ನು ಕೇಳಿದಂತೆ.

ಇನ್ನು ಪರವಾದಿಗಳ ವಾದಗಳಿಗೆ ಬರೋಣ. ಅವರ ಮೊದಲನೆಯ ವಾದ: ‘ಜಾಗಕ್ಕೇನು ಕೊರತೆ? ಅಚ್ಚಿನ ವಿಶ್ವಕೋಶಕ್ಕೆ ಕಾಗದದ ಖರ್ಚು. ಅಂತರ್ಜಾಲದಲ್ಲಿ ಅದೂ ಇಲ್ಲ. ಇಂಗ್ಲಿಷಿನಲ್ಲಿ 70 ಲಕ್ಷ ಲೇಖನಗಳು ದಾಟಿವೆ. ಇನ್ನೊಂದು ಸೇರಿದರೆ ಭೂಮಿ ಬಿರಿಯುತ್ತದೆಯೆ?’ ಕೇಳುವುದಕ್ಕೆ ಇದು ಉದಾರವಾಗಿದೆ, ಆದರೆ ಹುರುಳಿಲ್ಲ. ವಿಶ್ವಕೋಶದಲ್ಲಿ ದುಬಾರಿಯಾದದ್ದು ಜಾಗವಲ್ಲ, ಕಾವಲು. ಪ್ರತಿ ಲೇಖನಕ್ಕೂ ಯಾರಾದರೂ ಕಣ್ಣಿಟ್ಟಿರಬೇಕು. ವಿದ್ಯಾರ್ಥಿಗಳ ಮಂಡಲಿಯ ಸ್ವಭಾವವೇನು? ಇಂದಿನ ಕಾರ್ಯದರ್ಶಿ ಮೂರು ವರ್ಷಕ್ಕೆ ಪದವಿ ಪಡೆದು ಹೈದರಾಬಾದಿಗೋ ಹೂಸ್ಟನ್ನಿಗೋ ಹೊರಟುಹೋಗುತ್ತಾನೆ. ಅವನು ಉತ್ಸಾಹದಿಂದ ಬರೆದಿಟ್ಟ ‘ಪ್ರತಿ ಶುಕ್ರವಾರ ಸಂಜೆ ಆರಕ್ಕೆ’ ಎಂಬ ವಾಕ್ಯ, ಮಂಡಲಿ ಮುಚ್ಚಿಹೋದ ಮೇಲೂ ಹತ್ತು ವರ್ಷ ಅಲ್ಲಿಯೇ ಕೂತಿರುತ್ತದೆ. ಅದು ಸುಳ್ಳೆಂದು ಹೇಳಲು ಹೊರಗೆ ಒಂದು ಚೂರು ಕಾಗದವೂ ಇರುವುದಿಲ್ಲ.

ಎರಡನೆಯ ವಾದ: ‘ಅವರಿಗೆ ಕೊಟ್ಟಿದ್ದೀರಿ, ನಮಗೇಕಿಲ್ಲ?’ ಇದು ನಮ್ಮ ದೇಶದ ಕಚೇರಿಗಳಲ್ಲಿ ಕೇಳಿ ಕೇಳಿ ಸವೆದುಹೋದ ವಾದ. ಪಕ್ಕದ ಮನೆಯವನು ರಸ್ತೆಗೆ ಎರಡಡಿ ಗೋಡೆ ಚಾಚಿದ್ದಾನೆ, ಆದ್ದರಿಂದ ನಾನೂ ಚಾಚುತ್ತೇನೆ ಎಂಬ ನ್ಯಾಯ. ಆಧಾರವಿಲ್ಲದ ಲೇಖನ ಒಂದಿದ್ದರೆ ಅದನ್ನು ತಿದ್ದಬೇಕು ಇಲ್ಲವೆ ತೆಗೆಯಬೇಕು. ಅದನ್ನು ತೋರಿಸಿ ಇನ್ನೊಂದನ್ನು ಸೇರಿಸಬಾರದು.

ಮೂರನೆಯದು ಎಲ್ಲಕ್ಕಿಂತ ಮನಸ್ಸಿಗೆ ತಟ್ಟುವ ವಾದ: ‘ಒಳ್ಳೆಯ ಕೆಲಸಕ್ಕೆ ಒಂದಿಷ್ಟು ಬೆಳಕು ಬೀಳಲಿ.’ ಇದಕ್ಕೆ ನನ್ನ ಉತ್ತರ ಸ್ವಲ್ಪ ಕಠಿನವಾಗಿ ಕಂಡರೂ ಹೇಳಲೇಬೇಕು. ಹಳ್ಳಿಯಿಂದ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಪಟ್ಟಣದ ಕಾಲೇಜಿಗೆ ಬರುತ್ತಾಳೆ. ಹಾಸ್ಟೆಲಿನಲ್ಲಿ ಯಾರೋ ಒಂದು ಕೂಟಕ್ಕೆ ಕರೆಯುತ್ತಾರೆ. ಊರಿನಲ್ಲಿರುವ ತಂದೆ ಮೊಬೈಲಿನಲ್ಲಿ ಆ ಕೂಟದ ಹೆಸರನ್ನು ಹಾಕಿ ನೋಡುತ್ತಾನೆ. ವಿಶ್ವಕೋಶದಲ್ಲಿ ಲೇಖನ ಕಾಣುತ್ತದೆ: ಪ್ರೀತಿ ವಿಶ್ವಾಸದ ಕುಟುಂಬ, ಸೇವೆ, ಸಹಬಾಳ್ವೆ. ಅದನ್ನು ಬರೆದವರು ಆ ಕೂಟದವರೇ ಎಂಬುದು ಅವನಿಗೆ ಗೊತ್ತಿಲ್ಲ. ವಿಶ್ವಕೋಶ ಹೇಳಿತು, ಅವನು ನಂಬಿದ. ಕೂಟ ನಿಜವಾಗಿಯೂ ಹಾಗೆಯೇ ಇದ್ದರೆ ಸಂತೋಷ. ಆದರೆ ಅಲ್ಲಿ ಎಳೆಯರ ಮೇಲೆ ಒತ್ತಾಯ ನಡೆಯುತ್ತಿದ್ದರೆ, ಹಣದ ಲೆಕ್ಕ ಸರಿಯಿಲ್ಲದಿದ್ದರೆ, ಅದನ್ನು ಆ ಲೇಖನ ಹೇಳಬಲ್ಲುದೆ? ಹೇಳಲಾರದು, ಹೊರಗಿನವರು ಯಾರೂ ನೋಡಿಲ್ಲ. ಇಂಥ ಲೇಖನ ವಿಶ್ವಕೋಶದ ವೇಷ ಹಾಕಿದ ಕರಪತ್ರ. ಕರಪತ್ರವನ್ನು ಕರಪತ್ರವೆಂದು ಹಂಚಿದರೆ ಯಾರಿಗೂ ಮೋಸವಿಲ್ಲ, ವೇಷದಲ್ಲಿದೆ ಮೋಸ.

ಇದೇ ಕತ್ತಿಗೆ ಇನ್ನೊಂದು ಅಲಗೂ ಇದೆ. ನಾಳೆ ಆ ಕೂಟವನ್ನು ಕಂಡರಾಗದವನೊಬ್ಬ ಅದೇ ಲೇಖನಕ್ಕೆ ಬಂದು ‘ಇವರು ಹಣ ಕೊಟ್ಟು ಮತಾಂತರ ಮಾಡುತ್ತಾರೆ’ ಎಂದು ಸೇರಿಸಿದನೆನ್ನಿ. ಇಂದಿನ ದಿನಗಳಲ್ಲಿ ಅಂಥ ಒಂದು ವಾಕ್ಯಕ್ಕೆ ಕಿಟಕಿಯ ಗಾಜು ಒಡೆಸುವ ಶಕ್ತಿಯಿದೆ. ಅದು ಸುಳ್ಳೆಂದು ತೋರಿಸಲು ಮಂಡಲಿಯವರ ಹತ್ತಿರ ಏನಿದೆ? ‘ಅಲ್ಲ’ ಎಂಬ ಅವರದೇ ಮಾತು. ಅವರ ಹೊಗಳಿಕೆಯ ಮಾತನ್ನು ಆಧಾರವಿಲ್ಲದೆ ಒಪ್ಪಿದ ಮೇಲೆ, ಹಗೆಯವನ ತೆಗಳಿಕೆಯನ್ನು ಆಧಾರವಿಲ್ಲವೆಂದು ತಳ್ಳುವುದು ಹೇಗೆ? ಹೊರಗಿನ ಸಾಕ್ಷಿ ಬೇಕೆಂಬ ಕಟ್ಟಳೆ ವಾಚಕನಿಗೆ ಹೇಗೆ ಬೇಲಿಯೋ, ಆ ವಿದ್ಯಾರ್ಥಿಗಳಿಗೂ ಹಾಗೆಯೇ ಬೇಲಿ. ಅದನ್ನು ತಮ್ಮ ಕೈಯಾರೆ ಕಿತ್ತುಹಾಕಬೇಡಿರೆಂದು ನಾನು ಅವರನ್ನು ಬೇಡಿಕೊಳ್ಳುತ್ತೇನೆ.

ಇಷ್ಟು ಹೇಳಿದ್ದಕ್ಕೆ ಎದುರು ಪಕ್ಷದವರು ಚಪ್ಪಾಳೆ ತಟ್ಟುವುದು ಬೇಡ. ಅವರೊಡನೆಯೂ ನನಗೆ ಜಗಳವುಂಟು. ‘ಹುಡುಗರ ಆಟ’ ಎಂದು ಹೀಗಳೆಯುವವರು 1806ರ ಒಂದು ಹುಲ್ಲುಬಣವೆಯನ್ನು ನೆನೆಯಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ವಿಲಿಯಮ್ಸ್ ಕಾಲೇಜು ಎಂಬುದೊಂದಿದೆ. ಆಗಸ್ಟ್ ತಿಂಗಳ ಒಂದು ದಿನ ಐವರು ವಿದ್ಯಾರ್ಥಿಗಳು ಬಯಲಿನಲ್ಲಿ ಪ್ರಾರ್ಥನೆಗೆ ಸೇರಿದ್ದಾಗ ಗುಡುಗುಮಳೆ ಬಂತು. ಬಣವೆಯ ಮರೆಗೆ ಸರಿದು, ಏಷ್ಯಖಂಡಕ್ಕೆ ಹೋಗಿ ತಮ್ಮ ಮತವನ್ನು ಬೋಧಿಸಬೇಕೆಂದು ಮಾತಾಡಿಕೊಂಡರು. 1810ರಲ್ಲಿ ಅದೇ ಪ್ರೇರಣೆಯಿಂದ ಅಮೆರಿಕದ ವಿದೇಶೀ ಮಿಷನ್ ಮಂಡಲಿ ಸ್ಥಾಪನೆಯಾಯಿತು. 1813ರಲ್ಲಿ ಅದರ ಪಾದ್ರಿಗಳು ಮುಂಬಯಿಗೆ ಬಂದು ನೆಲಸಿದರು. ಆ ಕೆಲಸವನ್ನು ಮೆಚ್ಚುವವರುಂಟು, ಮೆಚ್ಚದವರುಂಟು, ಅದು ಇತಿಹಾಸವಲ್ಲವೆನ್ನುವವರಿಲ್ಲ. ಐದು ಹುಡುಗರು ನೆನೆದ ಜಾಗದಲ್ಲಿ 1867ರಲ್ಲಿ ಸ್ಮಾರಕ ನಿಂತಿತು. ವಯಸ್ಸನ್ನೂ ತಲೆಯೆಣಿಕೆಯನ್ನೂ ಅಳತೆಗೋಲು ಮಾಡಿಕೊಂಡವರಿಗೆ ಇಲ್ಲಿ ಉತ್ತರವಿದೆ.

ಆದರೆ ಇದೇ ಕಥೆ ನನ್ನ ವಾದಕ್ಕೂ ಒದಗುತ್ತದೆ. 1806ರ ಆಗಸ್ಟಿನಲ್ಲಿ ವಿಕಿಪೀಡಿಯ ಇದ್ದಿದ್ದರೆ, ಆ ಬಣವೆಗೆ ಲೇಖನ ಸಲ್ಲುತ್ತಿತ್ತೆ? ಸಲ್ಲುತ್ತಿರಲಿಲ್ಲ. ಸಲ್ಲದಿದ್ದುದರಿಂದ ಅವರ ಕೆಲಸ ನಿಂತಿತೆ? ನಿಲ್ಲಲಿಲ್ಲ. ವಿಶ್ವಕೋಶ ನಡೆದದ್ದನ್ನು ಬರೆದುಕೊಳ್ಳುತ್ತದೆ. ನಡೆಯಲಿರುವುದಕ್ಕೆ ಮುಂಗಡ ಕೊಡುವುದಿಲ್ಲ. ಧರ್ಮಕಾರ್ಯವನ್ನು ಬೀದಿಯಲ್ಲಿ ಸಾರಿಕೊಳ್ಳದೆ ಮಾಡಬೇಕೆಂದು ಶಿಷ್ಯರಿಗೆ ಬೋಧಿಸಿದ ಗುರುವಿನ ಹೆಸರಿನಲ್ಲಿ ಕೂಡುವವರಿಗೆ ಈ ಮಾತು ಹೊಸದೂ ಅಲ್ಲ.

‘ಮತಪ್ರಚಾರದ ಕೂಟ’ ಎಂಬ ಆಕ್ಷೇಪಣೆಗೆ ಎರಡೇ ಮಾತು ಸಾಕು. ಅದನ್ನು ಹೇಳುವವರು ತಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಗೂ ಭಜನಾಮಂಡಲಿಗೂ ಅದೇ ಮಾತನ್ನು ಅನ್ವಯಿಸಲು ಸಿದ್ಧರೇ? ಆಧಾರವಿಲ್ಲವೆಂದು ಎಲ್ಲವನ್ನೂ ಬಿಡುವುದು ನ್ಯಾಯ. ಕ್ರೈಸ್ತರದೆಂದು ಒಂದನ್ನು ಬಿಡುವುದು ದ್ವೇಷ. ತೀರ್ಪು ಎರಡರಲ್ಲಿಯೂ ಒಂದೇ ಆಗಿರಬಹುದು. ಆದರೂ ತಪ್ಪು ಕಾರಣಕ್ಕೆ ಕೊಟ್ಟ ಸರಿಯಾದ ತೀರ್ಪು ನಾಳೆ ತಪ್ಪು ತೀರ್ಪುಗಳಿಗೆ ದಾರಿ ಮಾಡುತ್ತದೆ.

ಇನ್ನು ನನ್ನ ಪಕ್ಷಕ್ಕೆ ಎದುರಾಗಿ ನಿಜವಾಗಿ ತೂಕವುಳ್ಳ ಆಕ್ಷೇಪಣೆ ಒಂದೇ. ‘ಹೊರಗಿನವರು ಬರೆದಿರಬೇಕು ಎನ್ನುತ್ತೀರಿ. ಕೇಂಬ್ರಿಜ್‌ನ ಹುಡುಗರು ಕೆಮ್ಮಿದರೂ ಪುಸ್ತಕವಾಗುತ್ತದೆ. ನಮ್ಮ ಧಾರವಾಡದ, ಮಂಗಳೂರಿನ ಹುಡುಗರು ಏನು ಮಾಡಿದರೂ ಯಾರು ಬರೆಯುತ್ತಾರೆ? ನಿಮ್ಮ ಕಟ್ಟಳೆ ಉಳ್ಳವರ ಕಟ್ಟಳೆ.’ ಇದನ್ನು ನಕ್ಕು ತಳ್ಳುವಂತಿಲ್ಲ. ದೊಡ್ಡ ದೇಶಗಳಲ್ಲಿಯೂ ಈ ಕಟ್ಟಳೆ ಎಡವಿದ್ದುಂಟು. ಕೆನಡದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲೆಂಡ್ ಅವರನ್ನು ಕುರಿತ ಕರಡು ಲೇಖನವನ್ನು, ಕೊಟ್ಟ ಆಧಾರಗಳು ಸಾಲವೆಂದು, 2018ರ ಮೇ ತಿಂಗಳಲ್ಲಿ ಹಿಂದಿರುಗಿಸಿದ್ದರು. ಅದೇ ವರ್ಷ ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಹುಮಾನ ಘೋಷಣೆಯಾಯಿತು. ತೆಗೆಯಬೇಕೆನ್ನುವವನು ಮೊದಲು ತಾನೇ ಹುಡುಕಿ ನೋಡಬೇಕೆಂಬುದು ಅಲ್ಲಿಯ ಒಳ್ಳೆಯ ವಾಡಿಕೆ. ಅದನ್ನು ಅವಸರದಲ್ಲಿ ಮರೆಯುವವರಿದ್ದಾರೆ. ಅಂತರ್ಜಾಲದಲ್ಲಿ ಕಾಣದ್ದು ಜಗತ್ತಿನಲ್ಲಿಯೇ ಇಲ್ಲವೆಂದು ತಿಳಿಯುವವರೂ ಇದ್ದಾರೆ. ಅಚ್ಚಿನ ಪುಸ್ತಕವೂ ಹಳೆಯ ಪತ್ರಿಕೆಯ ಕಡತವೂ ಅಲ್ಲಿ ಆಧಾರವಾಗಿ ಸಲ್ಲುತ್ತವೆಂಬುದನ್ನು ಅವರಿಗೆ ಮತ್ತೆ ಮತ್ತೆ ಹೇಳಬೇಕು.

ಆದರೂ ಮದ್ದು ಯಾವುದು? ತಕ್ಕಡಿ ನಮಗೆ ಕಡಿಮೆ ತೋರಿಸುತ್ತದೆಂದು ತಕ್ಕಡಿಯನ್ನೇ ಎಸೆಯುವುದು ಮದ್ದಲ್ಲ. ತಟ್ಟೆಯಲ್ಲಿ ಹಾಕಲು ನಮ್ಮಲ್ಲಿ ಏನಿದೆಯೆಂದು ನೋಡಿಕೊಳ್ಳಬೇಕು. ನಮ್ಮ ಪತ್ರಿಕೆಗಳ ಸ್ಥಳೀಯ ಪುಟಗಳನ್ನು ತೆರೆದು ನೋಡಿ. ಸಂಘವೊಂದರ ಸಮಾರಂಭದ ವರದಿಯಲ್ಲಿ ಯಾರು ದೀಪ ಬೆಳಗಿದರು, ಯಾರು ಸ್ವಾಗತಿಸಿದರು, ಯಾರು ನಿರೂಪಿಸಿದರು, ಯಾರು ವಂದಿಸಿದರು ಎಂಬುದೆಲ್ಲ ಇರುತ್ತದೆ. ಆ ಸಂಘ ಏನು ಮಾಡುತ್ತದೆ, ಅದರ ಹಣ ಎಲ್ಲಿಂದ ಬರುತ್ತದೆ, ಅದನ್ನು ಬಿಟ್ಟುಹೋದವರು ಏನೆನ್ನುತ್ತಾರೆ ಎಂಬ ಒಂದು ವಾಕ್ಯವೂ ಇರುವುದಿಲ್ಲ. ಇಂಥ ನೂರು ವರದಿಗಳನ್ನು ಕೂಡಿಸಿದರೂ ವಿಶ್ವಕೋಶಕ್ಕೆ ಒಂದು ವಾಕ್ಯ ಹುಟ್ಟುವುದಿಲ್ಲ. ಸ್ಮರಣಸಂಚಿಕೆಗಳೋ, ಶುಭಾಶಯ ಸಂದೇಶಗಳೂ ಜಾಹೀರಾತುಗಳೂ ತುಂಬಿ, ಸಂಘದ ಚರಿತ್ರೆ ಒಂದೂವರೆ ಪುಟ. ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು 30,000 ದಾಟಿದ್ದರೂ ನಮ್ಮ ಊರುಗಳ ಸಂಘಜೀವನ ಅಲ್ಲಿ ತೆಳುವಾಗಿ ಕಂಡರೆ, ತಪ್ಪು ವಿಕಿಪೀಡಿಯದ್ದಷ್ಟೇ ಅಲ್ಲ. ನಾವು ನಮ್ಮ ಬಗ್ಗೆ ವಿಚಾರಮಾಡಿ ಬರೆದುಕೊಂಡದ್ದೇ ಕಡಿಮೆ.

ಸಾಮಗ್ರಿಯೇ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಚರ್ಚು ಮತ್ತು ಮಿಷನ್ನುಗಳ ಹಳೆಯ ಕಾಗದಪತ್ರಗಳನ್ನು ಕಾಪಾಡಿದ್ದಾರೆ. ಇತಿಹಾಸದ ಎಂ.ಎ. ಮಾಡುವ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರು, ಮತ ಯಾವುದೇ ಇರಲಿ, ಅಲ್ಲಿ ಹೋಗಿ ಕೂತು, ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಧಾರ್ಮಿಕ ಕೂಟಗಳು ಬೆಳೆದು ಬಂದ ಬಗೆಯನ್ನು ನಿಷ್ಪಕ್ಷಪಾತವಾಗಿ ಬರೆದರೆ, ಆಗ ತಟ್ಟೆಯಲ್ಲಿ ಹಾಕಲು ಪದಾರ್ಥ ಸಿಗುತ್ತದೆ. ಆ ಪುಸ್ತಕ ಬರುವ ಮುಂಚೆ ವಿಶ್ವಕೋಶದ ಲೇಖನ ಬರಬೇಕೆನ್ನುವುದು, ಅಡಿಪಾಯಕ್ಕೆ ಮೊದಲು ಮಾಳಿಗೆ ಕಟ್ಟಬೇಕೆಂದಂತೆ.

ಮಂಡಲಿಯ ಯುವಕ ಯುವತಿಯರಿಗೂ ಕೆಲಸವಿದೆ. ತಮ್ಮ ಸಭೆಗಳ ನಡವಳಿಯನ್ನು ನೆಟ್ಟಗೆ ಬರೆದಿಡಲಿ; ಜಮಾ ಖರ್ಚಿನ ಲೆಕ್ಕವನ್ನು ಯಾರು ಕೇಳಿದರೂ ತೋರಿಸುವಂತೆ ಇಡಲಿ; ತಮ್ಮ ಜಗಳಗಳನ್ನೂ ಅಳಿಸದೆ ಇಡಲಿ. ಕಾಲೇಜು ಬಿಡುವಾಗ ಆ ಪುಸ್ತಕಗಳನ್ನು ಹಾಸ್ಟೆಲಿನ ಅಟ್ಟದ ಮೇಲೆ ಗೆದ್ದಲಿಗೆ ಬಿಡದೆ ಒಂದು ಗ್ರಂಥಾಲಯಕ್ಕೆ ಒಪ್ಪಿಸಿ ಹೋಗಲಿ. ಪರಿಚಯ ಬೇಕೆನ್ನುವವರಿಗೆ ತಮ್ಮದೇ ಹೆಸರಿನ ಕರಪತ್ರ ಕೊಡಲಿ. ಅದು ಯಾರ ಮಾತೆಂದು ಓದುವವನಿಗೆ ಗೊತ್ತಿರುತ್ತದೆ. ವಿಶ್ವಕೋಶದ ಬಾಗಿಲನ್ನು ಅವರೇ ಹೋಗಿ ತಟ್ಟಬೇಕಾದದ್ದಿಲ್ಲ. ಅವರಿಗೆ ಸಂಬಂಧವಿಲ್ಲದವನೊಬ್ಬ ಮುಂದೆಂದಾದರೂ ಆ ಕಡತವನ್ನು ಬಿಚ್ಚಿ ನೋಡಿ, ಮೆಚ್ಚಿಯೋ ಮೆಚ್ಚದೆಯೋ, ಬರೆಯುವಷ್ಟು ಅದರಲ್ಲಿ ಇದ್ದರೆ ಲೇಖನ ತಾನಾಗಿ ಬರುತ್ತದೆ. ಬಾರದಿದ್ದರೆ, ಒಂದು ಸಂಜೆ ಹಾಸ್ಟೆಲಿನ ಹೊಸ ಹುಡುಗನೊಬ್ಬನಿಗೆ ಅವರು ಕೊಟ್ಟ ಧೈರ್ಯ ಅದರಿಂದ ಕಡಿಮೆಯಾಗುವುದಿಲ್ಲ.